ದೇವನಹಳ್ಳಿಗೆ ಟ್ರಾಮಾ ಸೆಂಟರ್: ಮೊದಲು ರಾತ್ರಿ ಪಾಳಿ ಬರಲಿ, ಆಮೇಲೆ ಕಟ್ಟಡ

ಮಾನ್ಯ ಸಂಪಾದಕರೇ,

ದೇವನಹಳ್ಳಿ, ದೊಡ್ಡಬಳ್ಳಾಪುರ ಮತ್ತು ಯಲಹಂಕದಾಚೆಯ ಭಾಗಕ್ಕೆ ತನ್ನದೇ ಟ್ರಾಮಾ ಸೆಂಟರ್, ಅಂದರೆ ತೀವ್ರ ಗಾಯಾಳುಗಳ ತುರ್ತು ಚಿಕಿತ್ಸಾ ಕೇಂದ್ರ, ಬೇಕು ಎಂಬ ಬೇಡಿಕೆ ಜೋರಾಗುತ್ತಿದೆ. ಬೇಕೋ ಬೇಡವೋ ಎಂದರೆ ಬೇಕು ಎಂದೇ ನಮ್ಮ ಉತ್ತರ. ಆದರೆ ಎಂಥದ್ದು ಬೇಕು ಎಂದು ಕೇಳಿದ ಕೂಡಲೇ ಮಾತು ಎಕರೆ, ಕೋಟಿ, ಹಾಸಿಗೆಗಳ ಸಂಖ್ಯೆಗೆ ಹೊರಳುತ್ತದೆ. ರಕ್ತ ಸುರಿಸುತ್ತಾ ಬರುವವನಿಗೆ ಈ ಮೂರರಿಂದಲೂ ಆಗಬೇಕಾದ್ದು ಕಡಿಮೆ. ಬೆಳಗಿನ ಜಾವ ಮೂರು ಗಂಟೆಗೆ ಅಲ್ಲಿ ಯಾರಿರುತ್ತಾರೆ, ಫ್ರಿಜ್‌ನಲ್ಲಿ ಎಷ್ಟು ರಕ್ತ ಇರುತ್ತದೆ ಎಂಬುದರ ಮೇಲೆ ಅವನ ಜೀವ ನಿಂತಿದೆ.

ಈ ಭಾಗ ಬೆಳೆದ ಬಗೆಯನ್ನು ವಿವರಿಸಬೇಕಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ಬಂತು, 2022ರಲ್ಲಿ ಎರಡನೇ ಟರ್ಮಿನಲ್. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆಗೆ ಹೋಗುವ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ 2024ರಲ್ಲಿ ಲೋಕಾರ್ಪಣೆಯಾಯಿತು. ಬಾಶೆಟ್ಟಿಹಳ್ಳಿ ಸುತ್ತಲಿನ ಕಾರ್ಖಾನೆಗಳು, ದೇವನಹಳ್ಳಿಯ ಏರೋಸ್ಪೇಸ್ ಪಾರ್ಕ್, ಎಲ್ಲೆಡೆ ಏಳುತ್ತಿರುವ ಅಪಾರ್ಟ್‌ಮೆಂಟುಗಳು ಬೇರೆ. 2011ರ ಜನಗಣತಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಸುಮಾರು 9.9 ಲಕ್ಷ ಜನರನ್ನು ಎಣಿಸಿತ್ತು. ಆಸ್ಪತ್ರೆಗಳ ಹಾಸಿಗೆ, ಸಿಬ್ಬಂದಿ ಇಂದಿಗೂ ಹೆಚ್ಚುಕಡಿಮೆ ಅದೇ ಎಣಿಕೆಯ ಮೇಲೆ ನಿಂತಿವೆ. ಆ ಎಣಿಕೆಗೆ ಹೆದ್ದಾರಿಯಲ್ಲಿ ಹಾದುಹೋಗುವವರು ಸಿಗುವುದಿಲ್ಲ, ಸಾರುವೆ ಕಟ್ಟಿ ಪ್ಲಾಸ್ಟರಿಂಗ್ ಮಾಡುವ ಹೊರ ರಾಜ್ಯದ ಕಾರ್ಮಿಕರೂ ಸಿಗುವುದಿಲ್ಲ. ಗಾಯಗೊಂಡು ಬರುವವರಲ್ಲಿ ದೊಡ್ಡ ಪಾಲು ಇವರದೇ.

ಈಗಿನ ವ್ಯವಸ್ಥೆ ಬೆಂಗಳೂರಿನವರಿಗೆ ಗೊತ್ತಿರುವುದೇ. ತಲೆಗೆ ಪೆಟ್ಟಾದರೆ ಹೊಸೂರು ರಸ್ತೆಯ ನಿಮ್ಹಾನ್ಸ್. ಮೂಳೆ ಮುರಿದರೆ ಜಯನಗರದ ಕಡೆಯ ಸಂಜಯ್ ಗಾಂಧಿ ಸಂಸ್ಥೆ. ಹೊಟ್ಟೆ, ಎದೆಯಾದರೆ ವಿಕ್ಟೋರಿಯಾದ ಟ್ರಾಮಾ ಕೇಂದ್ರ. ಮೂರೂ ತಮ್ಮ ತಮ್ಮ ಕೆಲಸದಲ್ಲಿ ಪಳಗಿದ ಸಂಸ್ಥೆಗಳು, ಮೂರೂ ಹೆಬ್ಬಾಳದಿಂದ ದಕ್ಷಿಣಕ್ಕೇ ಇವೆ. ಲಾರಿಗೆ ಹಿಂದಿನಿಂದ ಗುದ್ದಿದ ಬೈಕ್ ಸವಾರನಿಗೆ ಮಾತ್ರ ಈ ಹಂಚಿಕೆ ಗೊತ್ತಿಲ್ಲ. ಅವನ ತಲೆ, ತೊಡೆ, ಹೊಟ್ಟೆಯೊಳಗಿನ ಗುಲ್ಮ (ಸ್ಪ್ಲೀನ್) ಮೂರೂ ಒಂದೇ ಏಟಿಗೆ ಒಡೆದಿರುತ್ತವೆ.

ದೂರವೇ ಸಮಸ್ಯೆ ಎಂಬುದು ಅರ್ಧ ಸತ್ಯ. ದೇವನಹಳ್ಳಿಯಿಂದ ವಿಕ್ಟೋರಿಯಾಗೆ ಸುಮಾರು 40 ಕಿಲೋಮೀಟರ್. ರಾತ್ರಿ ಎರಡು ಗಂಟೆಗೆ ಅದು ದೊಡ್ಡ ದೂರವಲ್ಲ, ಸಂಜೆ ಏಳಕ್ಕೆ ಎಸ್ಟೀಮ್ ಮಾಲ್‌ನಿಂದ ಮೇಖ್ರಿ ವೃತ್ತದವರೆಗಿನ ತುಣುಕೊಂದೇ ಸಾಕು ಜೀವ ಹಿಂಡಲು. ಆದರೂ ಸಮಯ ಹೆಚ್ಚು ಪೋಲಾಗುವುದು ರಸ್ತೆಯ ಮೇಲಲ್ಲ, ಮೊದಲ ಆಸ್ಪತ್ರೆಯೊಳಗೆ. ಆಂಬುಲೆನ್ಸ್ ಗಾಯಾಳುವನ್ನು ತಾಲ್ಲೂಕು ಆಸ್ಪತ್ರೆಗೆ ತಂದು ಇಳಿಸುತ್ತದೆ. ಡ್ಯೂಟಿ ಡಾಕ್ಟರ್ ಡ್ರಿಪ್ ಹಾಕುತ್ತಾರೆ, ಪೊಲೀಸ್ ಪ್ರಕರಣಗಳ ಎಂಎಲ್‌ಸಿ ಪುಸ್ತಕ ತುಂಬುತ್ತಾರೆ, ಎಕ್ಸ್-ರೇ ತೆಗೆಸುತ್ತಾರೆ. ಮನೆಯವರು ಬರಲಿ ಎಂದು ಕಾಯುತ್ತಾರೆ. ಆಮೇಲೆ ಇಲ್ಲಿ ಆಗುವುದಿಲ್ಲ ಎಂದು ತೀರ್ಮಾನವಾಗಿ ಇನ್ನೊಂದು ಆಂಬುಲೆನ್ಸ್‌ಗೆ ಕರೆ ಹೋಗುತ್ತದೆ. 108ಕ್ಕೆ ರಸ್ತೆಯಲ್ಲಿ ಬಿದ್ದವರು ಮೊದಲು, ಆಸ್ಪತ್ರೆಯೊಳಗಿರುವವರು ಆಮೇಲೆ. ಹೀಗೆ ಬಾಗಿಲು ಹೊಕ್ಕವನು ಬಾಗಿಲು ದಾಟುವಷ್ಟರಲ್ಲಿ ಒಂದೂವರೆ ಗಂಟೆ ಹಿಡಿದರೆ ಯಾರೂ ಆಶ್ಚರ್ಯಪಡುವುದಿಲ್ಲ. ಮೋಟಾರು ವಾಹನ ಕಾಯ್ದೆ ‘ಗೋಲ್ಡನ್ ಅವರ್’ ಎಂದು ಹೇಳುವ ಮೊದಲ ಒಂದು ಗಂಟೆ ಅಲ್ಲೇ ಮುಗಿದಿರುತ್ತದೆ.

ಜೊತೆಗೆ ಬರುವ ಚೀಟಿ ಇನ್ನೊಂದು ಕಥೆ. ‘ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ’ ಎಂಬ ಒಂದು ಸಾಲು, ಕೆಳಗೆ ಓದಲಾಗದ ಸಹಿ. ಪೆಟ್ಟಾದ ಸಮಯ, ಬಂದಾಗ ಪ್ರಜ್ಞೆಯ ಮಟ್ಟ ಎಷ್ಟಿತ್ತು, ಕಣ್ಣಿನ ಪಾಪೆಗಳು ಸಮವಾಗಿದ್ದವೇ, ರಕ್ತದೊತ್ತಡ ಎಲ್ಲಿಂದ ಎಲ್ಲಿಗೆ ಇಳಿಯಿತು, ಯಾವ ಔಷಧ ಎಷ್ಟು ಹೊತ್ತಿಗೆ ಕೊಟ್ಟರು, ರಕ್ತ ನಿಲ್ಲಿಸಲು ಪಟ್ಟಿ ಬಿಗಿದದ್ದು ಯಾವಾಗ ಎಂಬ ಆರು ವಿವರ ಸಾಕು, ಮುಂದಿನ ಆಸ್ಪತ್ರೆಯಲ್ಲಿ ಹದಿನೈದು ನಿಮಿಷ ಉಳಿಯುತ್ತದೆ. ಸಿ.ಟಿ. ತೆಗೆದಿದ್ದರೂ ಚಿತ್ರಗಳು ಬರುವುದಿಲ್ಲ, ಬಂದರೆ ಫಿಲ್ಮನ್ನು ಕಿಟಕಿಗೆ ಹಿಡಿದು ಫೋನ್‌ನಲ್ಲಿ ತೆಗೆದ ಮಸುಕು ಫೋಟೊ ಬರುತ್ತದೆ. ಹಾಗಾಗಿ ಅದೇ ಸಿ.ಟಿ. ಮತ್ತೊಮ್ಮೆ.

ನಮ್ಮ ವಾದ ಇಷ್ಟು: ಯಾವ ಗಾಯ ಪ್ರಯಾಣವನ್ನು ತಡೆದುಕೊಳ್ಳುತ್ತದೆ, ಯಾವುದು ತಡೆದುಕೊಳ್ಳುವುದಿಲ್ಲ ಎಂದು ಮೊದಲು ಬೇರ್ಪಡಿಸಬೇಕು. ತಡೆದುಕೊಳ್ಳದ್ದಕ್ಕೆ ದೇವನಹಳ್ಳಿಯಲ್ಲೇ ಪೂರ್ತಿ ವ್ಯವಸ್ಥೆ ಇರಬೇಕು. ತಡೆದುಕೊಳ್ಳುವುದನ್ನು ಸರಿಯಾಗಿ ಕಟ್ಟಿ, ಸರಿಯಾಗಿ ಬರೆದು, ಸರಿಯಾದ ಜಾಗಕ್ಕೆ ಒಂದೇ ಸಲ ಕಳಿಸಬೇಕು.

ತಡೆದುಕೊಳ್ಳದವುಗಳಲ್ಲಿ ಮೊದಲನೆಯದು ಒಳಗಿನ ರಕ್ತಸ್ರಾವ. ವಯಸ್ಕರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ. ತೊಡೆಮೂಳೆ ಒಂದು ಮುರಿದರೆ ಒಂದರಿಂದ ಒಂದೂವರೆ ಲೀಟರ್ ತೊಡೆಯೊಳಗೇ ಇಳಿಯುತ್ತದೆ, ಹೊರಗೆ ಒಂದು ಹನಿ ಕಾಣದಿರಬಹುದು. ಬಳೆಯಂತೆ ಸುತ್ತಿರುವ ಸೊಂಟದ ಮೂಳೆ ಒಡೆದರೆ ಎರಡು ಲೀಟರ್ ದಾಟಬಹುದು. ಶೇ 30ರವರೆಗೆ ರಕ್ತ ಹೋದರೂ, ಯುವಕನಾದರೆ, ರಕ್ತದೊತ್ತಡ ಅಷ್ಟಾಗಿ ಬೀಳುವುದಿಲ್ಲ. ನಾಡಿ ಓಡುತ್ತದೆ, ಚರ್ಮ ತಣ್ಣಗಾಗುತ್ತದೆ, ಮನುಷ್ಯ ಸುಮ್ಮನೆ ಚಡಪಡಿಸುತ್ತಾನೆ. ‘ಬಿ.ಪಿ. ನಾರ್ಮಲ್ ಇದೆ, ಕಳಿಸಿ’ ಎಂಬ ತಪ್ಪು ನಿರ್ಧಾರ ಆಗುವುದು ಇಲ್ಲೇ. ಯಲಹಂಕ ದಾಟುವಾಗ ಒತ್ತಡ ಒಮ್ಮೆಗೇ ಕುಸಿಯುತ್ತದೆ.

ಇಂಥವನಿಗೆ ಸಲೈನ್ ಬಾಟಲಿ ಮೇಲೆ ಬಾಟಲಿ ಏರಿಸುವುದು ಹಳೆಯ ರೂಢಿ, ಇನ್ನೂ ಬಿಟ್ಟಿಲ್ಲ. ಸಲೈನ್ ಆಮ್ಲಜನಕ ಹೊರುವುದಿಲ್ಲ, ಹೆಪ್ಪುಗಟ್ಟಿಸುವುದೂ ಇಲ್ಲ. ಉಳಿದ ರಕ್ತವನ್ನು ತೆಳುಮಾಡುತ್ತದೆ, ಮೈಯನ್ನು ತಣ್ಣಗಾಗಿಸುತ್ತದೆ, ಕಟ್ಟಿಕೊಳ್ಳುತ್ತಿದ್ದ ಹೆಪ್ಪನ್ನು ಕಿತ್ತುಹಾಕುತ್ತದೆ. ಒಂದು ಲೀಟರ್ ಆದ ಮೇಲೂ ಚೇತರಿಸದಿದ್ದರೆ ಬೇಕಿರುವುದು ರಕ್ತ ಮತ್ತು ಸರ್ಜನ್ ಕೈ. ಟ್ರಾನೆಕ್ಸಾಮಿಕ್ ಆ್ಯಸಿಡ್ ಎಂಬ ಅಗ್ಗದ ಇಂಜೆಕ್ಷನ್ ಒಂದು ಗ್ರಾಂ ಹತ್ತು ನಿಮಿಷದಲ್ಲಿ, ಮತ್ತೊಂದು ಗ್ರಾಂ ಎಂಟು ಗಂಟೆಯಲ್ಲಿ ಹೋಗಬೇಕು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಪ್ರಯೋಗ ಅದರ ಲಾಭವನ್ನು ತೋರಿಸಿತು. ಮೂರು ಗಂಟೆ ಮೀರಿದ ಮೇಲೆ ಕೊಟ್ಟರೆ ಕೆಡುಕೇ ಹೆಚ್ಚು ಎಂಬುದೂ ಅದರಿಂದಲೇ ತಿಳಿಯಿತು. ಇದಕ್ಕೆ ಟ್ರಾಮಾ ಸೆಂಟರೇ ಬೇಕಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬಹುದು.

ಹೊಟ್ಟೆಯೊಳಗೆ ರಕ್ತ ಹರಿಯುತ್ತಿದ್ದರೆ ಮಾಡಬೇಕಾದ ಶಸ್ತ್ರಚಿಕಿತ್ಸೆ ಸೊಗಸಿನದಲ್ಲ. ಹೊಟ್ಟೆ ತೆರೆದು, ಒಡೆದ ಗುಲ್ಮ ತೆಗೆದು, ಯಕೃತ್ತಿನ ಸುತ್ತ ಪ್ಯಾಡ್ ಒತ್ತಿಟ್ಟು, ಹರಿದ ಕರುಳನ್ನು ತಾತ್ಕಾಲಿಕವಾಗಿ ಕಟ್ಟಿ, ಹೊಟ್ಟೆಯನ್ನು ಪೂರ್ತಿ ಹೊಲಿಯದೆ ಮುಚ್ಚಿ ಐಸಿಯುಗೆ ಕಳಿಸುವುದು. ಒಂದು, ಒಂದೂವರೆ ಗಂಟೆಯ ಕೆಲಸ. ಮೈ ಬಿಸಿಯಾಗಿ, ಹೆಪ್ಪುಗಟ್ಟುವ ಶಕ್ತಿ ಮರಳಿದ ಮೇಲೆ, ಒಂದೆರಡು ದಿನ ಬಿಟ್ಟು ಮತ್ತೆ ತೆರೆದು ಉಳಿದದ್ದನ್ನು ಸರಿಪಡಿಸುತ್ತಾರೆ. ಆ ಎರಡನೇ ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲೇ ಆಗಲಿ, ಅಡ್ಡಿಯಿಲ್ಲ. ಮೊದಲನೆಯದು ದೇವನಹಳ್ಳಿಯಲ್ಲೇ ಆಗಬೇಕು. ಎದೆಯೊಳಗೆ ಗಾಳಿ ಅಥವಾ ರಕ್ತ ತುಂಬಿದ್ದರೆ ಕೊಳವೆ ಹಾಕುವುದು, ಉಸಿರಿನ ದಾರಿ ಕಟ್ಟಿದ್ದರೆ ಕೊಳವೆ ಇಳಿಸುವುದು ಇದಕ್ಕೂ ಮೊದಲಿನ ಮಾತು. ಅವಕ್ಕೆ ಸರ್ಜನ್ ಕೂಡ ಬೇಕಿಲ್ಲ, ತರಬೇತಾದ ತುರ್ತು ವೈದ್ಯರಿದ್ದರೆ ಸಾಕು.

ತಲೆಯ ಗಾಯದ ವಿಷಯದಲ್ಲಿ ನಮ್ಮ ಮಾತು ಕೆಲವರಿಗೆ ಹಿಡಿಸದಿರಬಹುದು. ದೇವನಹಳ್ಳಿಯಲ್ಲಿ ನ್ಯೂರೋಸರ್ಜರಿ ವಿಭಾಗ ಈಗಲೇ ಬೇಡ. ಐವರು ನರಶಸ್ತ್ರಚಿಕಿತ್ಸಕರನ್ನು ಸರ್ಕಾರಿ ಸಂಬಳಕ್ಕೆ ಅಲ್ಲಿ ಕೂರಿಸುವುದು ಆಗದ ಮಾತು, ಒಬ್ಬರನ್ನು ನೇಮಿಸಿ ನಾಮಫಲಕ ಹಾಕುವುದು ಮೋಸ. ಮೆದುಳಿನ ಹೊರಗೆ ಕಟ್ಟಿಕೊಂಡ ರಕ್ತವನ್ನು ಕೆಲವೇ ಗಂಟೆಗಳಲ್ಲಿ ತೆಗೆಯಬೇಕು ನಿಜ, ಬೇಗ ತೆಗೆದಷ್ಟೂ ಒಳ್ಳೆಯದು. ಆದರೆ ದಾರಿಯಲ್ಲಿ ಆ ಮೆದುಳನ್ನು ಕೊಲ್ಲುವುದು ಬಹುಪಾಲು ಎರಡೇ: ಆಮ್ಲಜನಕ ಕಡಿಮೆಯಾಗುವುದು, ರಕ್ತದೊತ್ತಡ ಬೀಳುವುದು. ಪ್ರಜ್ಞೆಯ ಅಂಕ (ಪೂರ್ತಿ ಎಚ್ಚರವಿದ್ದರೆ 15) ಎಂಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೊರಡುವ ಮುಂಚೆಯೇ ಕೊಳವೆ ಇಳಿಸಿ, ಮೇಲಿನ ರಕ್ತದೊತ್ತಡವನ್ನು 110ರ ಮೇಲೆ ಹಿಡಿದು, ಸಿ.ಟಿ. ಚಿತ್ರವನ್ನು ಕಂಪ್ಯೂಟರ್ ಜಾಲದಲ್ಲೇ ನಿಮ್ಹಾನ್ಸ್ ಅಥವಾ ಇನ್ನೊಂದು ಕೇಂದ್ರದ ಪಾಳಿ ವೈದ್ಯರಿಗೆ ತೋರಿಸಿ, ಅಲ್ಲಿ ಶಸ್ತ್ರಚಿಕಿತ್ಸಾ ಕೊಠಡಿ ಸಿದ್ಧವಾಗುತ್ತಿರುವಾಗಲೇ ಇಲ್ಲಿಂದ ಗಾಡಿ ಹೊರಟರೆ ಹೆಚ್ಚಿನವರು ಆ 40 ಕಿಲೋಮೀಟರ್ ದಾಟುತ್ತಾರೆ. ಒಂದು ಕಣ್ಣಿನ ಪಾಪೆ ಅಗಲವಾಗಿ ನಿಂತವರ ವಿಷಯ ಬೇರೆ. ಅವರಲ್ಲಿ ಕೆಲವರನ್ನು ಈ ವ್ಯವಸ್ಥೆಯಲ್ಲಿ ಕಳೆದುಕೊಳ್ಳುತ್ತೇವೆ. ಅದನ್ನು ಮುಚ್ಚಿಟ್ಟು ವಾದಿಸಲಾಗದು.

ಪ್ರಯಾಣ ತಡೆದುಕೊಳ್ಳುವ ಗಾಯಗಳೂ ಕಟ್ಟುವ ಕ್ರಮ ತಪ್ಪಿದರೆ ತಡೆದುಕೊಳ್ಳುವುದಿಲ್ಲ. ಸೊಂಟದ ಮೂಳೆ ಮುರಿದಿದೆ ಎಂಬ ಅನುಮಾನ ಬಂದರೆ ಬೆಡ್‌ಶೀಟನ್ನು ಒಂದು ಗೇಣಿನಷ್ಟು ಅಗಲಕ್ಕೆ ಮಡಚಿ ಬಿಗಿಯಬೇಕು. ಎಲ್ಲಿ? ಪ್ಯಾಂಟಿನ ಬೆಲ್ಟ್ ಕೂರುವ ಜಾಗದಲ್ಲಲ್ಲ. ಅದಕ್ಕಿಂತ ಕೆಳಗೆ, ತೊಡೆಯ ಮೇಲ್ತುದಿಯ ಹೊರಬದಿಯಲ್ಲಿ ಕೈಗೆ ಗಟ್ಟಿಯಾಗಿ ಸಿಗುವ ಮೂಳೆಯ ಉಬ್ಬಿನ ನೇರಕ್ಕೆ. ಮೊಣಕಾಲುಗಳನ್ನು ಸೇರಿಸಿ ಕಟ್ಟಿ, ಪಾದಗಳನ್ನು ಒಳಮುಖ ಮಾಡಬೇಕು. ಬೆಲ್ಟಿನ ಜಾಗದಲ್ಲಿ ಬಿಗಿದರೆ ಒಡೆದ ಬಳೆ ಇನ್ನಷ್ಟು ಬಾಯಿಬಿಡುವ ಅಪಾಯವಿದೆ. ತುರ್ತು ವಿಭಾಗಗಳಿಗೆ ಬರುವ ಇಂಥ ಸೊಂಟಪಟ್ಟಿಗಳಲ್ಲಿ (ಬೈಂಡರ್) ಮೇಲೆ ಕಟ್ಟಿದವೇ ಕಣ್ಣಿಗೆ ಬೀಳುತ್ತವೆ.

ಕೈಕಾಲಿನ ರಕ್ತ ನಿಲ್ಲಿಸಲು ಟವೆಲ್ ಕಟ್ಟುವುದೂ ಹಾಗೆಯೇ. ಸಡಿಲವಾಗಿ ಕಟ್ಟಿದ ಟವೆಲ್ ಅಭಿಧಮನಿಯನ್ನಷ್ಟೇ ಒತ್ತುತ್ತದೆ, ಅಪಧಮನಿ ಪಂಪ್ ಮಾಡುತ್ತಲೇ ಇರುತ್ತದೆ, ರಕ್ತ ಇನ್ನೂ ಜಾಸ್ತಿಯಾಗುತ್ತದೆ. ಕಟ್ಟುವುದಾದರೆ ಗಾಯದಿಂದ ನಾಲ್ಕು ಬೆರಳು ಮೇಲೆ, ಕೋಲು ತೂರಿಸಿ ತಿರುಗಿಸಿ, ರಕ್ತ ಪೂರ್ತಿ ನಿಲ್ಲುವವರೆಗೆ ಬಿಗಿದು, ಕಟ್ಟಿದ ಸಮಯವನ್ನು ಎದ್ದು ಕಾಣುವಂತೆ ಬರೆಯಬೇಕು. ದಾರಿಯಲ್ಲಿ ‘ಸ್ವಲ್ಪ ಸಡಿಲಿಸಿ ನೋಡೋಣ’ ಎಂಬ ಕುತೂಹಲ ಬೇಡ. ಕಾರ್ಖಾನೆಗಳಲ್ಲಿ ಬೆರಳು ತುಂಡಾದರೆ ಅದನ್ನು ನೇರವಾಗಿ ಐಸ್ ಒಳಗೆ ಹಾಕಿ ತರುತ್ತಾರೆ, ಅಂಗಾಂಶ ಹೆಪ್ಪುಗಟ್ಟಿ ಸತ್ತಿರುತ್ತದೆ. ಸಲೈನ್‌ನಲ್ಲಿ ಒದ್ದೆ ಮಾಡಿ ಹಿಂಡಿದ ಗಾಜ್‌ನಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಐಸ್ ಮೇಲಿಡಬೇಕು. ಪ್ರತಿ ಪ್ರೆಸ್ ಯಂತ್ರದ ಪಕ್ಕದಲ್ಲಿ ಇದೊಂದು ಸೂಚನೆ ಕನ್ನಡ, ಹಿಂದಿ ಎರಡರಲ್ಲೂ ಅಂಟಿಸಲು ಯಾವ ಅನುದಾನವೂ ಬೇಕಿಲ್ಲ.

ಇನ್ನು ಆಮ್ಲಜನಕದ ಲೆಕ್ಕ. ಆಂಬುಲೆನ್ಸ್‌ಗಳಲ್ಲಿ ಕಾಣುವ ಬಿ-ಟೈಪ್ ಸಿಲಿಂಡರ್ ತುಂಬಿದ್ದಾಗ ಸುಮಾರು 1,500 ಲೀಟರ್. ನಿಮಿಷಕ್ಕೆ 15 ಲೀಟರ್ ಹರಿಸಿದರೆ 100 ನಿಮಿಷ. ಅರ್ಧ ಖಾಲಿಯಾದದ್ದು 50 ನಿಮಿಷ. ಸಂಜೆಯ ಟ್ರಾಫಿಕ್‌ನಲ್ಲಿ ಅದು ಎಲ್ಲಿ ಮುಗಿಯುತ್ತದೆ ಎಂದು ಬಳ್ಳಾರಿ ರಸ್ತೆ ಬಲ್ಲವರು ಊಹಿಸಿಕೊಳ್ಳಬಹುದು. ಹೊರಡುವ ಮುಂಚೆ ಗೇಜ್ ನೋಡಿ ಭಾಗಿಸುವ ಈ ಎರಡನೇ ತರಗತಿಯ ಗಣಿತವನ್ನು ಕಳುಹಿಸುವ ಆಸ್ಪತ್ರೆಯ ಪಟ್ಟಿಯಲ್ಲಿ ಕಡ್ಡಾಯ ಮಾಡಬೇಕು.

ಈಗ ಸಿಬ್ಬಂದಿಯ ಮಾತು. ಯೋಜನಾ ವರದಿಗಳು ಎಡವುವುದು ಇಲ್ಲೇ. ವಾರಕ್ಕೆ 168 ಗಂಟೆ. ಒಬ್ಬರು 48 ಗಂಟೆ ದುಡಿದರೆ ಒಂದು ಕುರ್ಚಿ ಸದಾ ತುಂಬಿರಲು ಮೂರೂವರೆ ಜನ ಬೇಕು. ರಜೆ, ಕಾಯಿಲೆ, ತರಬೇತಿ, ಕೋರ್ಟಿಗೆ ಸಾಕ್ಷಿ ಹೇಳಲು ಹೋಗುವ ದಿನಗಳನ್ನು ಸೇರಿಸಿದರೆ ಐವರು. ಟ್ರಾಮಾ ಕೇಂದ್ರದ ವೈದ್ಯರಿಗೆ ಈ ಕೊನೆಯದು ಸಣ್ಣ ಬಾಬತ್ತಲ್ಲ, ಎಂಎಲ್‌ಸಿ ಎಂದರೆ ವರ್ಷಗಳ ನಂತರವೂ ಸಮನ್ಸ್ ಬರುತ್ತಿರುತ್ತದೆ. ಹೀಗಾಗಿ ಅರಿವಳಿಕೆ ತಜ್ಞರು ಐವರು, ಜನರಲ್ ಸರ್ಜನ್ ಐವರು, ಮೂಳೆ ತಜ್ಞರು ಐವರು, ಪಾಳಿಗೆ ಇಬ್ಬರಂತೆ ತುರ್ತು ವೈದ್ಯರು ಹತ್ತು ಮಂದಿ. ಸಿ.ಟಿ. ಯಂತ್ರಕ್ಕೆ, ರಕ್ತದ ಕೊಠಡಿಗೆ, ಶಸ್ತ್ರಚಿಕಿತ್ಸಾ ಕೊಠಡಿಗೆ ತಂತ್ರಜ್ಞರು ತಲಾ ಐವರು. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಎಂದರೆ ಎಂಟು ಹಾಸಿಗೆಯ ಪುಟ್ಟ ಐಸಿಯುಗೇ ನಲವತ್ತು ನರ್ಸ್‌ಗಳು. ಒಬ್ಬ ಅರಿವಳಿಕೆ ತಜ್ಞರ ಹುದ್ದೆ ಮಂಜೂರು ಮಾಡಿ 24 ಗಂಟೆಯ ಕೇಂದ್ರ ಎಂದು ಉದ್ಘಾಟಿಸಿದರೆ ಅದು ವಾರಕ್ಕೆ 48 ಗಂಟೆಯ ಕೇಂದ್ರ. ಉಳಿದ 120 ಗಂಟೆಯಲ್ಲಿ ಅದು ಆಂಬುಲೆನ್ಸ್ ನಿಲ್ಲಿಸಿ ಸಮಯ ಕಳೆಯುವ ಇನ್ನೊಂದು ತಂಗುದಾಣ. ಇಲ್ಲದಿದ್ದರೇ ಲೇಸು, ಗಾಡಿ ನೇರ ಮುಂದೆ ಹೋಗುತ್ತಿತ್ತು.

ಹನ್ನೊಂದು ತಿಂಗಳ ಗುತ್ತಿಗೆಗೆ ಇಂಥ ತಂಡ ನಿಲ್ಲುವುದಿಲ್ಲ. ಆವರಣದಲ್ಲೇ ವಸತಿ, ರಾತ್ರಿ ಪಾಳಿಯ ನರ್ಸ್‌ಗಳಿಗೆ ವಾಹನ, ಪಾಳಿಗೆ ತಕ್ಕ ಭತ್ಯೆ, ಬೇರೆ ಕಡೆಗೆ ಡೆಪ್ಯುಟೇಶನ್ ಮಾಡಬಾರದೆಂಬ ಲಿಖಿತ ಆದೇಶ, ಈ ನಾಲ್ಕು ಟೆಂಡರ್‌ಗಿಂತ ಮೊದಲು ಬರಬೇಕು. ವೈದ್ಯಕೀಯ ಕಾಲೇಜಿನ ಘಟಕವಾಗಿ ಕೇಂದ್ರ ಇದ್ದರೆ ಸ್ನಾತಕೋತ್ತರ ವಿದ್ಯಾರ್ಥಿಗಳಿಂದ ಪಾಳಿಗಳು ತುಂಬುವುದು ಸುಲಭ. ಹಿರಿಯರಿಲ್ಲದ ಪಾಳಿಯಲ್ಲಿ ಅವರನ್ನು ಒಂಟಿ ಬಿಡಬಾರದು, ಅಷ್ಟೆ.

ಯಂತ್ರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಕೊಳ್ಳುವುದರಲ್ಲಿ ನಮ್ಮವರು ಹಿಂದೆ ಬಿದ್ದಿಲ್ಲ. ಎರಡೇ ಮಾತು. ಸಿ.ಟಿ. ಯಂತ್ರ ತುರ್ತು ಕೊಠಡಿಯ ಪಕ್ಕದಲ್ಲಿ, ಅದೇ ಮಹಡಿಯಲ್ಲಿ ಇರಬೇಕು, ನಡುವೆ ಲಿಫ್ಟ್ ಬರಬಾರದು. ಅದರ ನಿರ್ವಹಣಾ ಒಪ್ಪಂದದಲ್ಲಿ ಎಕ್ಸ್-ರೇ ಟ್ಯೂಬ್ ಸೇರಿರಬೇಕು. ಟ್ಯೂಬ್ ಬಿಟ್ಟು ಮಾಡಿಕೊಂಡ ಅಗ್ಗದ ಒಪ್ಪಂದವೇ ಮುಂದೆ ‘ಯಂತ್ರ ಕೆಟ್ಟಿದೆ’ ಎಂಬ ಬೋರ್ಡಾಗಿ ತಿಂಗಳುಗಟ್ಟಲೆ ತೂಗುವುದು.

ರಕ್ತದ ವಿಷಯ ಮಾತ್ರ ವಿವರವಾಗಿ ನೋಡಬೇಕು. ತಾಲ್ಲೂಕು ಮಟ್ಟದಲ್ಲಿರುವ ರಕ್ತ ಸಂಗ್ರಹಣಾ ಘಟಕ ಹೆರಿಗೆಗಳಿಗೆಂದು ಒಂದಷ್ಟು ಪೊಟ್ಟಣ ಇಟ್ಟುಕೊಳ್ಳುವ ಫ್ರಿಜ್. ಟ್ರಾಮಾಕ್ಕೆ ಅದು ಸಾಲದು. ಭಾರೀ ರಕ್ತಸ್ರಾವದಲ್ಲಿ ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಮೂರನ್ನೂ ಹೆಚ್ಚುಕಡಿಮೆ ಸಮಪ್ರಮಾಣದಲ್ಲಿ ಕೊಡಬೇಕು. ಕೆಂಪುಕಣಕ್ಕೆ 2ರಿಂದ 6 ಡಿಗ್ರಿ. ಪ್ಲಾಸ್ಮಾಕ್ಕೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ, ಬೇಕೆಂದಾಗ 37 ಡಿಗ್ರಿ ನೀರಿನಲ್ಲಿ ಕರಗಿಸಲು ಇಪ್ಪತ್ತರಿಂದ ಮೂವತ್ತು ನಿಮಿಷ. ಹಾಗಾಗಿ ‘ಆಂಬುಲೆನ್ಸ್ ಬರುತ್ತಿದೆ’ ಎಂಬ ಕರೆ ಬಂದಾಗಲೇ ಕರಗಿಸಲು ಇಡಬೇಕು, ರೋಗಿ ಬಂದ ಮೇಲೆ ಇಟ್ಟರೆ ತಡವಾಯಿತು. ಪ್ಲೇಟ್‌ಲೆಟ್ 20ರಿಂದ 24 ಡಿಗ್ರಿಯಲ್ಲಿ ಅಲುಗಾಡುತ್ತಾ ಐದೇ ದಿನ ಇರುತ್ತದೆ. ಅದನ್ನು ದೇವನಹಳ್ಳಿಯಲ್ಲಿ ಸಂಗ್ರಹಿಸಿ ಚೆಲ್ಲುವ ಬದಲು ನಗರದಿಂದ ತರಿಸುವ ವ್ಯವಸ್ಥೆಯೇ ಮೇಲು.

ಗುಂಪು ನೋಡುವಷ್ಟು ಸಮಯ ಇಲ್ಲದವರಿಗೆ ಒ ಗುಂಪಿನ ಕೆಂಪುಕಣ ಬೇಕು. ಗಂಡಸರಿಗೆ ಒ ಪಾಸಿಟಿವ್ ನಡೆಯುತ್ತದೆ. ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ಒ ನೆಗೆಟಿವ್ ಇರಬೇಕು, ಅದು ನಮ್ಮ ದೇಶದಲ್ಲಿ ತೀರಾ ಅಪರೂಪ. ಹತ್ತು ಒ ಪಾಸಿಟಿವ್, ನಾಲ್ಕು ಒ ನೆಗೆಟಿವ್, ಎಂಟು ಪ್ಲಾಸ್ಮಾ ಇಟ್ಟುಕೊಂಡು ಆರಂಭಿಸಬಹುದೆಂಬುದು ನಮ್ಮ ಅಂದಾಜು. ಬಳಕೆಯಾಗದೆ ಅವಧಿ ಮುಗಿಯುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಅವಧಿಗೆ ಹತ್ತು ದಿನ ಉಳಿದಾಗ ಪೊಟ್ಟಣಗಳನ್ನು ನಗರದ ಮಾತೃ ರಕ್ತನಿಧಿಗೆ ಹಿಂದಿರುಗಿಸಿ ಹೊಸತು ತರುವ ಪದ್ಧತಿ ಇಟ್ಟುಕೊಂಡರೆ ನಷ್ಟ ಅಷ್ಟಾಗಿ ಆಗುವುದಿಲ್ಲ. ಕೊಡುವಾಗ ರಕ್ತ ಬಿಸಿ ಮಾಡುವ ಸಾಧನ ಇರಲಿ. ಫ್ರಿಜ್ಜಿನ ತಣ್ಣನೆಯ ರಕ್ತ ಸರಸರನೆ ಹೋದರೆ ಮೈ ತಣ್ಣಗಾಗಿ ಹೆಪ್ಪೇ ಕಟ್ಟುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಪೊಟ್ಟಣದಲ್ಲಿ ಹಾಕಿರುವ ಸಿಟ್ರೇಟ್ ಮೈಯಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ ಅದನ್ನೂ ಜೊತೆಗೆ ತುಂಬಬೇಕು.

ಒಂದು ಶಸ್ತ್ರಚಿಕಿತ್ಸಾ ಕೊಠಡಿ ಸದಾ ಖಾಲಿ ಇರಬೇಕು ಎಂಬುದನ್ನು ಆಡಿಟ್‌ನವರಿಗೆ ಅರ್ಥ ಮಾಡಿಸುವುದು ಎಲ್ಲಕ್ಕಿಂತ ಕಷ್ಟ. ಅಗ್ನಿಶಾಮಕ ಗಾಡಿ ಸುಮ್ಮನೆ ನಿಂತಿದೆ ಎಂದು ಯಾರೂ ಅದರಲ್ಲಿ ತರಕಾರಿ ಸಾಗಿಸುವುದಿಲ್ಲ. ಆದರೆ ಖಾಲಿ ಕೊಠಡಿ ಕಂಡರೆ ಹರ್ನಿಯಾ ಪಟ್ಟಿ ಅಲ್ಲಿಗೆ ಬರುತ್ತದೆ, ಗುಲ್ಮ ಒಡೆದವನು ಬಂದಾಗ ‘ಕೇಸ್ ನಡೀತಿದೆ, ಒಂದು ಗಂಟೆ’ ಎಂಬ ಉತ್ತರ ಸಿಗುತ್ತದೆ.

ಹಾಗಾದರೆ ನಾಲ್ಕು ತಾಲ್ಲೂಕಿಗೂ ಒಂದೊಂದು ಕೊಡಿ ಎಂಬ ಒತ್ತಾಯವೂ ಇದೆ. ಇದಕ್ಕೆ ನಮ್ಮ ವಿರೋಧವಿದೆ. ತೀವ್ರ ಗಾಯಾಳುಗಳನ್ನು ಅಪರೂಪಕ್ಕೆ ನೋಡುವ ತಂಡದ ಕೈ ಜಡವಾಗುತ್ತದೆ. ಅಮೆರಿಕದಲ್ಲಿ ಮೊದಲ ದರ್ಜೆಯ ಕೇಂದ್ರಕ್ಕೆ ವರ್ಷಕ್ಕೆ ಕನಿಷ್ಠ 1,200 ಗಾಯಾಳು ದಾಖಲಾತಿ, ಇಲ್ಲವೇ 240 ಅತಿ ತೀವ್ರ ಗಾಯಾಳುಗಳು ಎಂಬ ಮಾನದಂಡವಿದೆ. ಬೆಂಗಳೂರಿನಂತೆಯೇ ಮಹಾನಗರವಾದ ಲಂಡನ್ 2010ರಲ್ಲಿ ತನ್ನ ವ್ಯವಸ್ಥೆಯನ್ನು ಮರುಜೋಡಿಸಿದಾಗ ಇಟ್ಟುಕೊಂಡದ್ದು ನಾಲ್ಕೇ ಪ್ರಧಾನ ಕೇಂದ್ರ. ಉಳಿದ ಆಸ್ಪತ್ರೆಗಳಿಗೆ ಸಣ್ಣ ಗಾಯ. ತೀವ್ರ ಗಾಯಾಳು ಹತ್ತಿರದ ಆಸ್ಪತ್ರೆಯನ್ನು ದಾಟಿಕೊಂಡು ನೇರ ಪ್ರಧಾನ ಕೇಂದ್ರಕ್ಕೆ ಹೋಗಬೇಕೆಂಬ ನಿಯಮ. ಇಂಥ ಕೇಂದ್ರಗಳಿಂದ ಲಾಭವಿದೆಯೇ ಎಂಬುದಕ್ಕೆ 2006ರ ಅಮೆರಿಕದ ಅಧ್ಯಯನವೊಂದು ಉತ್ತರ ಕೊಟ್ಟಿದೆ: ಟ್ರಾಮಾ ಕೇಂದ್ರದಲ್ಲಿ ಚಿಕಿತ್ಸೆ ಪಡೆದವರು ಒಂದು ವರ್ಷದೊಳಗೆ ಸಾಯುವ ಅಪಾಯ ಉಳಿದ ಆಸ್ಪತ್ರೆಗಳಿಗಿಂತ ಶೇ 25ರಷ್ಟು ಕಡಿಮೆ.

ಹೆಣ್ಣೂರು–ಬಾಗಲೂರು ರಸ್ತೆಯ ಕಡೆಯ ಕ್ಯಾಲಸನಹಳ್ಳಿಯಲ್ಲಿ ನಿಮ್ಹಾನ್ಸ್‌ನ ಪಾಲಿಟ್ರಾಮಾ ಕೇಂದ್ರದ ಮಾತು ವರ್ಷಗಳಿಂದ ನಡೆದಿದೆ. ತಲೆ, ಮೂಳೆ, ಹೊಟ್ಟೆ ಮೂರನ್ನೂ ಒಂದೇ ಸೂರಿನಡಿ ನೋಡುವ ದೊಡ್ಡ ಕೇಂದ್ರ ಉತ್ತರ ಭಾಗಕ್ಕೆ ಅದೊಂದೇ ಸಾಕು, ಅದು ಬೇಗ ಆಗಲಿ. ಆದರೆ ದೊಡ್ಡಬಳ್ಳಾಪುರದವರಿಗೂ ನಂದಿ ಕ್ರಾಸ್‌ನಲ್ಲಿ ಬಿದ್ದವರಿಗೂ ಅದು ಹತ್ತಿರವಲ್ಲ. ಅದರ ಮುಂದಿನ ಠಾಣೆಯಾಗಿ ದೇವನಹಳ್ಳಿಯ ಕೇಂದ್ರ ಇರಬೇಕು, ಬಳ್ಳಾರಿ ರಸ್ತೆಯೂ ರಿಂಗ್ ರಸ್ತೆಯೂ ಕೂಡುವ ಕಡೆ. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಆಸ್ಪತ್ರೆಗಳು ಮುರಿದ ಮಣಿಕಟ್ಟು, ಹೊಲಿಗೆ, ಸಣ್ಣ ತಲೆಪೆಟ್ಟುಗಳನ್ನು ಅಲ್ಲಲ್ಲೇ ನೋಡಿಕೊಂಡರೆ ಉಳಿದ ಎಲ್ಲರ ಹೊರೆ ಇಳಿಯುತ್ತದೆ. ವಿಮಾನ ನಿಲ್ದಾಣ ಪಕ್ಕದಲ್ಲೇ ಇರುವುದರಿಂದ ಸಾಮೂಹಿಕ ಅವಘಡದ ಕವಾಯತೂ ಈ ಕೇಂದ್ರದ ಪಾಲಿಗೆ ಬರುತ್ತದೆ.

ಯಾರನ್ನು ತಾಲ್ಲೂಕು ಆಸ್ಪತ್ರೆ ದಾಟಿಸಿ ನೇರ ಒಯ್ಯಬೇಕು ಎಂಬುದನ್ನು 108ರ ಸಿಬ್ಬಂದಿ ತೀರ್ಮಾನಿಸುವಂತಿರಬೇಕು. ಪ್ರಜ್ಞೆಯ ಅಂಕ 13 ಅಥವಾ ಕಡಿಮೆ, ಮೇಲಿನ ರಕ್ತದೊತ್ತಡ 90ಕ್ಕಿಂತ ಕೆಳಗೆ, ಉಸಿರು ನಿಮಿಷಕ್ಕೆ 10ಕ್ಕಿಂತ ಕಡಿಮೆ ಅಥವಾ 29ಕ್ಕಿಂತ ಹೆಚ್ಚು, ಎದೆ ಹೊಟ್ಟೆಗೆ ಇರಿತ, ಎರಡು ದೊಡ್ಡ ಮೂಳೆಗಳ ಮುರಿತ, ಸೊಂಟದ ಮುರಿತ, ಕೈಕಾಲು ಸ್ವಾಧೀನ ತಪ್ಪಿರುವುದು. ಇವುಗಳಲ್ಲಿ ಒಂದಿದ್ದರೂ ನೇರ ಕೇಂದ್ರಕ್ಕೆ. ಉಸಿರಿನ ದಾರಿಯೇ ಕಟ್ಟಿದ್ದರೆ ಮಾತ್ರ ಹತ್ತಿರದ ಬಾಗಿಲು. ನೂರರಲ್ಲಿ ಮೂವತ್ತು ಜನ ಅನವಶ್ಯಕವಾಗಿ ಬಂದರೂ ಪರವಾಗಿಲ್ಲ, ಬರಬೇಕಾದವರಲ್ಲಿ ನೂರಕ್ಕೆ ಐವರಿಗಿಂತ ಹೆಚ್ಚು ತಪ್ಪಿಹೋಗಬಾರದು ಎಂಬುದು ಈ ಕ್ಷೇತ್ರದ ಒಪ್ಪಿತ ಲೆಕ್ಕ.

ಹೆಬ್ಬಾಳದ ಸುತ್ತ ದೊಡ್ಡ ಖಾಸಗಿ ಆಸ್ಪತ್ರೆಗಳಿವೆಯಲ್ಲ, ಸರ್ಕಾರದ ಕೇಂದ್ರವೇಕೆ ಎಂದು ಕೇಳುವವರಿದ್ದಾರೆ. ತುರ್ತು ಚಿಕಿತ್ಸೆ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಭರಿಸುವ ಹರೀಶ್ ಸಾಂತ್ವನ ಯೋಜನೆಯನ್ನು ನಮ್ಮ ರಾಜ್ಯ 2016ರಲ್ಲಿ ತಂದಿತು. 2025ರ ಕೇಂದ್ರದ ನಗದುರಹಿತ ಯೋಜನೆಯಲ್ಲಿ ಏಳು ದಿನಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ಒಳ್ಳೆಯದೇ. ಆದರೆ ಎರಡು ಶಸ್ತ್ರಚಿಕಿತ್ಸೆ, ಹತ್ತಾರು ರಕ್ತದ ಪೊಟ್ಟಣ, ವೆಂಟಿಲೇಟರ್ ದಿನಗಳು ಸೇರಿದಾಗ ಆ ಮೊತ್ತ ಖಾಸಗಿ ಐಸಿಯುನಲ್ಲಿ ಏಳನೇ ದಿನ ಮುಟ್ಟುವುದು ಕಷ್ಟ. ಸಾರುವೆಯಿಂದ ಬಿದ್ದ ಗಾರೆ ಕೆಲಸದವನಿಗೆ, ತೆಂಗಿನ ಮರದಿಂದ ಬಿದ್ದವನಿಗೆ ಅದು ಅನ್ವಯಿಸುವುದೂ ಇಲ್ಲ, ಅದು ರಸ್ತೆ ಅಪಘಾತಕ್ಕೆ ಮಾತ್ರ. ಖಾಸಗಿಯವರ ಹಾಸಿಗೆಗಳನ್ನು ಜಾಲಕ್ಕೆ ಸೇರಿಸಿಕೊಳ್ಳಲಿ, ಆದರೆ ಜಾಲದ ನಡುಗಂಬ ಸಾರ್ವಜನಿಕ ಆಸ್ಪತ್ರೆಯೇ ಆಗಿರಬೇಕು.

ಕಟ್ಟಡಕ್ಕೆ ಗುದ್ದಲಿ ಪೂಜೆ ಮಾಡುವ ಮೊದಲು ಸರ್ಕಾರ ಮಾಡಬಹುದಾದ ಕೆಲಸ ಇದೆ. ದೇವನಹಳ್ಳಿಯಲ್ಲಿ ಈಗಿರುವ ಆಸ್ಪತ್ರೆಯಲ್ಲೇ ಆರು ತಿಂಗಳು ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಒಬ್ಬ ಸರ್ಜನ್, ಒಬ್ಬ ಅರಿವಳಿಕೆ ತಜ್ಞ, ಇಬ್ಬರು ತುರ್ತು ವೈದ್ಯರು, ಮೇಲೆ ಹೇಳಿದಷ್ಟು ರಕ್ತ, ಒಂದು ಖಾಲಿ ಕೊಠಡಿ ಇಟ್ಟು ನಡೆಸಿ ನೋಡಲಿ. ಬಾಗಿಲಿನಿಂದ ಸಿ.ಟಿ.ಗೆ ಎಷ್ಟು ನಿಮಿಷ, ಮೊದಲ ಪೊಟ್ಟಣ ರಕ್ತಕ್ಕೆ ಎಷ್ಟು, ಶಸ್ತ್ರಚಿಕಿತ್ಸಾ ಮೇಜಿಗೆ ಎಷ್ಟು, ಹೊರಗೆ ಕಳಿಸಿದ್ದು ಯಾರನ್ನು, ಏಕೆ ಎಂಬುದನ್ನು ಪ್ರತಿ ತಿಂಗಳೂ ಪ್ರಕಟಿಸಲಿ. ಅಪಘಾತ ನಡೆದ ಜಾಗಗಳನ್ನು ಪೊಲೀಸರು ಇ-ಡಾರ್ ಎಂಬ ಆನ್‌ಲೈನ್ ಅಪಘಾತ ದಾಖಲೆ ವ್ಯವಸ್ಥೆಯಲ್ಲಿ ಈಗಾಗಲೇ ದಾಖಲಿಸುತ್ತಿದ್ದಾರೆ, 108ರ ಕರೆಗಳ ಸಮಯವೂ ದಾಖಲಾಗಿರುತ್ತದೆ. ಇವೆರಡರ ಪಕ್ಕದಲ್ಲಿ ಒಂದು ವರ್ಷದ ಮರಣೋತ್ತರ ಪರೀಕ್ಷಾ ವರದಿಗಳನ್ನಿಟ್ಟು ಓದಬೇಕು. ಹೊಟ್ಟೆಯಲ್ಲಿ ಎರಡು ಲೀಟರ್ ರಕ್ತ ಕಂಡುಬಂದು, ಅಪಘಾತಕ್ಕೂ ಸಾವಿಗೂ ನಡುವೆ ಒಂದು ಗಂಟೆಗಿಂತ ಹೆಚ್ಚು ಅಂತರವಿದ್ದ ಪ್ರತಿಯೊಂದನ್ನೂ ಬೇರೆ ತೆಗೆದಿಡಬೇಕು. ದೇವನಹಳ್ಳಿಗೆ ಎಷ್ಟು ಸರ್ಜನ್‌ಗಳು, ಎಷ್ಟು ಪೊಟ್ಟಣ ರಕ್ತ ಬೇಕೆಂಬುದನ್ನು ಆ ಕಡತಗಳಿಂದಲೇ ಲೆಕ್ಕ ಹಾಕಬಹುದು.

— ತುರ್ತು ಚಿಕಿತ್ಸಾ ವಿಭಾಗಗಳ ಕೆಲವು ವೈದ್ಯರು, ಶುಶ್ರೂಷಕರು ಮತ್ತು ಆಂಬುಲೆನ್ಸ್ ಸಿಬ್ಬಂದಿ, ಬೆಂಗಳೂರು